ಬೇಡ ಎನ್ನಲಾರದ ಬು ಪಾರ್ತಿನಾ

ಜಾವಾದ ಸೋಲೊ ಊರಿನ ಆ ಗಲ್ಲಿಯಲ್ಲಿ ಶುಭಕಾರ್ಯದ ಅಡುಗೆ ಎಂದರೆ ಬು ಪಾರ್ತಿನಾ, ಅಂದರೆ ಪಾರ್ತಿನಾ ಅಮ್ಮ. ಆಕೆಯ ನಾಲಿಗೆಗೆ ಎಲ್ಲ ರುಚಿಯೂ ಗೊತ್ತು, ಗೊತ್ತಿಲ್ಲದ್ದು 'ಬೇಡ' ಎಂಬ ಮಾತೊಂದೇ. ಆಗದಿದ್ದರೂ 'ಆಗಲಿ' ಎನ್ನುವುದು ಜಾವಾದ ಮರ್ಯಾದೆ. ಆಗುತ್ತದೋ ಇಲ್ಲವೋ ಎಂಬುದನ್ನು ಕೇಳಿದವರೇ ಮುಖ ನೋಡಿ ತಿಳಿದುಕೊಳ್ಳಬೇಕು. ಕಂಪ್ಯೂಟರಿಗೆ ಮುಖ ನೋಡಲು ಬರುವುದಿಲ್ಲ.

ಅಡುಗೆಯ ಆರ್ಡರುಗಳು ಬರುತ್ತಿದ್ದುದು ಅದರಲ್ಲೇ. ಯಾವ ಜಾಲತಾಣ ತೆರೆದರೂ "ನಿಮಗೆ ಸೂಚನೆ ಕಳಿಸಲೇ?" ಎನ್ನುತ್ತಿತ್ತು. ಆಕೆ 'ಆಗಲಿ' ಒತ್ತುತ್ತಿದ್ದರು. ಟೈರು ಮಾರುವವರು, ಭವಿಷ್ಯ ಹೇಳುವವರು, ತೂಕ ಇಳಿಸುವವರು ಪರದೆಯ ಮೂಲೆಯಲ್ಲಿ ಸರದಿ ನಿಂತರು. ಅಡುಗೆಯವರ ಮನೆಯಲ್ಲಿ ಅವರು ಬೇಯಿಸದ, ತಾಣಗಳು ಬಿಟ್ಟುಹೋಗುವ ಕುಕೀಗಳೇ ತುಂಬಿಹೋದವು. ಬ್ರೌಸರು ಏದುಸಿರು ಬಿಡತೊಡಗಿತು. ಆರ್ಡರಿನ ಗಂಟೆ ಈ ಸಂತೆಯಲ್ಲಿ ಕೇಳಿಸುತ್ತಿರಲಿಲ್ಲ. ಒಂದು ಮನೆಯ ಊಟ ತಪ್ಪಿದರೆ ಆ ಮನೆಯವರು ಮತ್ತೆ ಕರೆಯುವುದಿಲ್ಲ, ಯಾಕೆಂದೂ ಹೇಳುವುದಿಲ್ಲ. ಆಮೇಲೆ ಗಲ್ಲಿಯೂ ಕರೆಯುವುದಿಲ್ಲ.

ಆಕೆ 'ಮಾಸ್', ಅಂದರೆ ಅಣ್ಣ, ಎಂದು ಕರೆಯುವ ಪಕ್ಕದ ಮನೆಯ ಸುಗೆಂಗ್ ಬಂದ. ಗಾಮೆಲಾನ್ ಮೇಳದಲ್ಲಿ ಜಾಗಟೆ ಬಾರಿಸುವವನು. ಬಿಡುವಿನಲ್ಲಿ ಬ್ರೌಸರು ರಿಪೇರಿ.

"ಬು, ಟೈರಿನೋರಿಗ್ಯಾಕೆ ಆಗಲಿ ಅಂದ್ರಿ? ನಿಮ್ಹತ್ರ ಸೈಕಲ್ಲೂ ಇಲ್ವಲ್ಲ!"

"ಪಾಪ, ಅಷ್ಟು ವಿನಯವಾಗಿ ಕೇಳಿದ್ರು ಮಾಸ್. ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನಕ್ಕಾಗತ್ತಾ?"

ಸುಗೆಂಗ್ ವಿಳಾಸದ ಜಾಗದಲ್ಲಿ ಗುಟ್ಟಿನ ಪದವೊಂದನ್ನು ಬರೆದ. 'ಮುಂದೆ ಅಪಾಯವಿದೆ' ಎಂದಿತು ಪರದೆ. ಹಿರಿಯರ ಮುಂದೆ ಹಾದುಹೋಗುವವನಂತೆ ಸೊಂಟ ಬಗ್ಗಿಸಿ, ಬಲಗೈ ಚಾಚಿ, "ಕ್ಷಮಿಸಿ" ಎಂದು ಒಳಹೊಕ್ಕ. ಒಳಗೆ ಸಾಲುಸಾಲು ಗುಪ್ತ ಸೆಟ್ಟಿಂಗುಗಳು, ಒಂದೊಂದರ ಮುಂದೆಯೂ 'ಹೌದು' ಅಥವಾ 'ಅಲ್ಲ'. ಬು ಪಾರ್ತಿನಾ ಕಣ್ಣು ತಗ್ಗಿಸಿದರು. ಇಷ್ಟೊಂದು 'ಅಲ್ಲ'ಗಳನ್ನು ಒಟ್ಟಿಗೆ ಕಂಡಿರಲಿಲ್ಲ.

ಕುಣಿಯುವ ಚಿತ್ರಗಳು ಕೂತವು. ತಾವೇ ಓಡುವ ವಿಡಿಯೊಗಳು ನಿಂತವು. ಸುಗೆಂಗ್ ಹಳೆಯ ಅನುಮತಿಗಳನ್ನೆಲ್ಲ ಅಳಿಸಿ, ಮುಂದೆ ಯಾರೇ ಕೇಳಿದರೂ ಬ್ರೌಸರೇ 'ಬೇಡ' ಎನ್ನುವಂತೆ ಮಾಡಿದ. ಬ್ರೌಸರು ಹಕ್ಕಿಯಂತೆ ಹಗುರಾಯಿತು. ಮನೆ ಶಾಂತವಾಯಿತು.

ಗುರುವಾರ ಗಲ್ಲಿಯ ಕೊನೆಯ ಮನೆಯ ಹಿರಿಯರಾದ ಪಾ ಹರ್ಜೊನೊ ಬಂದು ಚಹಾ ಕುಡಿಯುತ್ತ ಕೂತರು.

"ಮಳೆ ಇಲ್ಲ ಅಲ್ವಾ ಬು?"

"ಇಲ್ಲ ಪಾ. ಏನು ಬಂದಿದ್ದು?"

"ಏನಿಲ್ಲ. ಬಸುರಿ ಮಗಳಿಗೆ ಏಳು ತಿಂಗಳು ತುಂಬ್ತು. ನಾಳೆ ಶಾಸ್ತ್ರಕ್ಕೆ ನಾಲ್ಕು ಜನ ಬರ್ತಾರೆ. ಏನಿಲ್ಲ."

ಎರಡನೇ 'ಏನಿಲ್ಲ' ಕೇಳಿ ಆಕೆ ಎದ್ದು ಒಲೆಯತ್ತ ಸರಿದರು. ಎರಡು ಸಲ ಏನಿಲ್ಲ ಎಂದರೆ ಮನೆಗೆ ಬೆಂಕಿ ಬಿದ್ದಿದೆ ಎಂದೇ ಅರ್ಥ.

"ಎಲ್ಲಾ ತಯಾರಾಗ್ತಾ ಇದೆ ಪಾ," ಎಂದರು, ಆರಿದ ಒಲೆಗೆ ಅಡ್ಡ ನಿಂತು. ಹರ್ಜೊನೊ ಒಲೆ ನೋಡಿದರು, ಮುಖ ನೋಡಿದರು, ವಿನಯದಿಂದ ನಂಬಿದರು.

ಅವರು ಅತ್ತ ಹೋದದ್ದೇ ಆಕೆ ಕಂಪ್ಯೂಟರು ತೆರೆದರು. ಅವರ ಆರ್ಡರು ಸೋಮವಾರದಿಂದ ಅಲ್ಲೇ ಸುಮ್ಮನೆ ಕೂತಿತ್ತು. ಗಂಟೆ ಬಾರಿಸಲೇ ಎಂದು ಕೇಳಿದ ಆರ್ಡರಿನ ತಾಣಕ್ಕೂ ಬ್ರೌಸರು 'ಬೇಡ' ಎಂದಿತ್ತು. ಆ ರಾತ್ರಿ ಗಲ್ಲಿಯ ಹೆಂಗಸರೆಲ್ಲ ಸೇರಿ ತೆಂಗಿನಕಾಯಿ ತುರಿದರು. ಸುಗೆಂಗ್ ಬೆರಳನ್ನೂ ತುರಿದುಕೊಂಡ. ಶಾಸ್ತ್ರದ ಅರಿಶಿನದನ್ನದ ಗೋಪುರ ಹೊತ್ತಿಗೆ ಸರಿಯಾಗಿ ತಲುಪಿತು.

ಶಾಸ್ತ್ರದ ಮರುದಿನ ಸುಗೆಂಗ್ ಗುಪ್ತ ಸೆಟ್ಟಿಂಗನ್ನು ಹಿಂದಕ್ಕೆ ತಿರುಗಿಸಿದ.

"ಆರ್ಡರಿನೋರಿಗೆ ಆಗಲಿ ಅಂದಿದೀನಿ. ಮಿಕ್ಕೋರು ಕೇಳಿದ್ರೆ ನೀವೇ ಬೇಡ ಅನ್ಬೇಕು, ಬು."

"ನನ್ ಕೈಲಿ ಆಗಲ್ಲಪ್ಪ."

"ಇಲ್ನೋಡಿ, 'ಈಗ ಬೇಡ' ಅಂತಾನೂ ಇದೆ."

ಆಕೆಯ ಮುಖ ಅರಳಿತು. "ಇದನ್ನ ಮೊದ್ಲೇ ಹೇಳ್ಬಾರ್ದಾ? ಇದು ಮನುಷ್ಯರು ಆಡೋ ಮಾತು."

ಈಗ ತಾಣಗಳು ದಿನವೂ ಕೇಳುತ್ತವೆ, ಬು ಪಾರ್ತಿನಾ ದಿನವೂ 'ಈಗ ಬೇಡ' ಒತ್ತುತ್ತಾರೆ. ಯಾರಿಗೂ ಬೇಸರವಾದಂತಿಲ್ಲ.