ಎರಡು ವಾರ್ಡಿನ ಗೆಳತಿಯರು

ನಮ್ಮ ಓಣಿಯ ನಟ್ಟನಡುವೆ ವಾರ್ಡಿನ ಗಡಿ ಬಂದಾಗ ನಾನು ಬನಹಟ್ಟಿಯ ಕೋರ್ಟಿನಲ್ಲಿ ವಕೀಲಿಕೆ ಶುರುಮಾಡಿ ಬಹಳ ಕಾಲವಾಗಿರಲಿಲ್ಲ. ಜನಸಂಖ್ಯೆಗೆ ತಕ್ಕಂತೆ ನಗರಸಭೆಯ ವಾರ್ಡುಗಳನ್ನು ಮತ್ತೆ ವಿಂಗಡಿಸಿದ್ದರು. ಓಣಿಯ ಮೂಡಣ ಸಾಲಿನ ಮನೆಗಳು ಒಂದು ವಾರ್ಡಿಗೆ, ಪಡುವಣ ಸಾಲಿನವು ಇನ್ನೊಂದಕ್ಕೆ. ನಮ್ಮತ್ತೆ ಮೂಡಣದವರಾದರು. ಎದುರು ಮನೆಯ ಅವರ ಗೆಳತಿ ಪಡುವಣದವರಾದರು.

ಆ ಗೆಳತಿಯನ್ನು ನಾನು ಚಿಗವ್ವ ಎಂದು ಕರೆಯುತ್ತೇನೆ. ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಮದುವೆಯಾಗಲಿಲ್ಲ. ಅಣ್ಣನ ಮಕ್ಕಳ ಸಂಸಾರದಲ್ಲಿ ಇದ್ದುಕೊಂಡು ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುತ್ತಾರೆ. ಪ್ರತಿ ಚುನಾವಣೆಯಲ್ಲೂ ನಮ್ಮತ್ತೆ ಅವರ ಕೈ ಹಿಡಿದು ಮತಗಟ್ಟೆಯ ಒಳಗೆ ಕರೆದೊಯ್ದು, ಅವರು ಹೇಳಿದ ಗುಂಡಿ ಒತ್ತಿ ಬರುತ್ತಿದ್ದರು. ಯಾವ ಗುಂಡಿ ಎಂದು ಎರಡೂ ಮನೆಯಲ್ಲಿ ಯಾರಿಗೂ ತಿಳಿಯದು. ಒಮ್ಮೆ ನನ್ನ ಗಂಡ ತಮಾಷೆಗೆ ಕೇಳಿದ್ದರು: "ಚಿಗವ್ವ ಯಾರಿಗೆ ಹಾಕಿದ್ಲು ಬೇ ಯವ್ವಾ?"

"ಒತ್ತಿದ್ದು ನನ್ನ ಬಟ್ಟು, ಮಾತು ಅಕೀದು. ಅಕೀನ್ನ ಕೇಳು," ಎಂದರು ಅತ್ತೆ, ರೊಟ್ಟಿ ತಟ್ಟುವುದನ್ನು ನಿಲ್ಲಿಸಲೂ ಇಲ್ಲ.

ಗಡಿಯ ಸುದ್ದಿ ಬಂದ ಸಂಜೆ ಚಿಗವ್ವ ಓಣಿ ದಾಟಿ ಬಂದು ನಮ್ಮ ಪಡಸಾಲೆಯಲ್ಲಿ ಕೂತರು. "ವಾರ್ಡ ಬ್ಯಾರೆ ಆದ್ರ ನಿನ್ನ ನನ್ನ ಜೋಡಿ ಒಳಗ ಬಿಡ್ತಾರೇನ?" ಎಂದು ಅತ್ತೆಯನ್ನು ಕೇಳಿದರು. ಅತ್ತೆ ನನ್ನ ಮುಖ ನೋಡಿದರು. ಹಿಂದಿನ ಸಲ ಮತಗಟ್ಟೆಯಲ್ಲಿ, ಜೊತೆಗೆ ಬರುವವರ ಹೆಸರೂ ಅದೇ ಮತದಾರರ ಪಟ್ಟಿಯಲ್ಲಿರಬೇಕು ಎಂದು ಹೇಳಿದ್ದರು. ನಿಯಮವೇ ಹಾಗಿದೆ ಎಂದು ನಾನೂ ತಿಳಿದಿದ್ದೆ.

"ನಮ್ಮಣ್ಣನ ಮಕ್ಕಳು ಛಲೋ ಅದಾರ," ಎಂದರು ಚಿಗವ್ವ. "ಊಟಕ್ಕ ಹಾಕ್ತಾರ, ಹಬ್ಬಕ್ಕ ಸೀರಿ ತರ್ತಾರ. ಆದ್ರ ಗುಂಡಿ ಒತ್ತೂದು ತಮಗ ಬೇಕಾದ್ದ. ನಂದು ಅಂತ ಇರೂದು ಅದೊಂದ ನೋಡ ಯವ್ವಾ."

ಗಡಿ ಇನ್ನೂ ಕರಡಿನಲ್ಲಿತ್ತು; ಓಣಿಯನ್ನು ಒಡೆಯಬಾರದೆಂದು ನಾನು ಜಿಲ್ಲಾ ಕಚೇರಿಗೆ ಆಕ್ಷೇಪಣೆ ಬರೆದುಕೊಟ್ಟೆ. ವಿಚಾರಣೆಗೆ ಮೂವರೂ ಬಾಗಲಕೋಟೆಯ ಬಸ್ಸು ಹತ್ತಿದೆವು. ಮುಧೋಳ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಚಿಗವ್ವ ಕಿಟಕಿಗೆ ಮುಖವೊಡ್ಡಿ, "ಫ್ಯಾಕ್ಟರಿ ಹಂತೇಕ ಬಂದೀವಲ್ಲ, ಬೆಲ್ಲದ ವಾಸನಿ ಬರಾಕತ್ತೈತಿ," ಎಂದು ಖುಷಿಪಟ್ಟರು. ಜಿಲ್ಲಾ ಕೇಂದ್ರಕ್ಕೆ ಅವರು ಹೋದದ್ದು ಅದೇ ಮೊದಲಂತೆ.

ವಿಚಾರಣೆ ನಡೆಸಿದ ಅಧಿಕಾರಿ ಒಳ್ಳೆಯವರು. ಚಿಗವ್ವನಿಗೆ ಕುರ್ಚಿ ಹಾಕಿಸಿ, "ಅಮ್ಮ, ಗೆರೆ ಎಲ್ಲಾದರೂ ಒಂದು ಕಡೆ ಎಳೆಯಲೇಬೇಕಲ್ಲ?" ಎಂದರು.

"ಎಳೀರಿ ಸಾಹೇಬ್ರ, ಬ್ಯಾಡ ಅನ್ನೂದಿಲ್ಲ. ಆದ್ರ ಅಕಿ ಮನಿಗೆ ಹೋಗೂ ಮುಂದ ನಿಮ್ಮ ಗೆರಿ ನನಗ ಕಾಣೂದಿಲ್ರಿ."

ಅಧಿಕಾರಿ ನಕ್ಕರು, ಆಮೇಲೆ ಆ ಮಾತನ್ನು ಹಾಗೆಯೇ ಬರೆದುಕೊಂಡರು. ಅಂತಿಮ ಅಧಿಸೂಚನೆಯಲ್ಲಿ ಗೆರೆ ಇದ್ದಲ್ಲೇ ಇತ್ತು.

ಬೇರೆ ಬೇರೆ ವಾರ್ಡುಗಳ ತಕರಾರು ಹಿಡಿದು ಊರವರು ಧಾರವಾಡದ ಹೈಕೋರ್ಟಿಗೆ ಹೊರಟಿದ್ದರು. ನಾನು ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹಿರಿಯ ವಕೀಲರು ಫೀ ಮುಟ್ಟದೆ ನಮ್ಮ ಅರ್ಜಿಯನ್ನೂ ಹಾಕಿದರು. ಅದು ವಿಚಾರಣೆಗೆ ಬರುವಷ್ಟರಲ್ಲಿ ಚುನಾವಣೆ ಘೋಷಣೆಯಾಗಿತ್ತು. ಈಗ ಗಡಿಯನ್ನು ಮುಟ್ಟಲಾಗದು ಎಂದರು ನ್ಯಾಯಮೂರ್ತಿಗಳು. ಹಿರಿಯರು ಕೂರಲಿಲ್ಲ. ಹಾಗಾದರೆ ಈ ತಾಯಿಯ ಜೊತೆ ಒಳಗೆ ಯಾರು ಹೋಗಬಹುದು, ಅದನ್ನಾದರೂ ತಿಳಿಸಬೇಕು ಎಂದು ಬೇಡಿಕೊಂಡರು. ಸರ್ಕಾರದ ಪರ ವಕೀಲರು ನಿಯಮದ ಪುಸ್ತಕ ತೆರೆದು ಓದಿದರು. ಜೊತೆಗಾರರು ವಯಸ್ಕರಾಗಿರಬೇಕು, ಆ ದಿನ ಇನ್ನೊಬ್ಬರಿಗೆ ಜೊತೆಯಾಗಿರಬಾರದು, ಗುಟ್ಟು ಕಾಯಬೇಕು. ಅದೇ ಪಟ್ಟಿಯವರಾಗಬೇಕೆಂದು ಎಲ್ಲಿಯೂ ಇರಲಿಲ್ಲ. ನ್ಯಾಯಮೂರ್ತಿಗಳು ಅದನ್ನು ಆದೇಶದಲ್ಲಿ ಬರೆಸಿ ಅರ್ಜಿಯನ್ನು ಮುಗಿಸಿದರು.

ನಮ್ಮ ಜೊತೆ ಬಂದಿದ್ದ ಅತ್ತೆ, ಚಿಗವ್ವ ಇಬ್ಬರೂ ಹಿಂದಿನ ಬೆಂಚಿನಲ್ಲಿ ಕೈಕೈ ಹಿಡಿದು ಕೂತಿದ್ದರು. ಎಲ್ಲ ಇಂಗ್ಲಿಷಿನಲ್ಲಿ ನಡೆದಿತ್ತು. "ಏನಂದ್ರ?" ಎಂದರು ಅತ್ತೆ.

"ಗೆರಿ ಹಂಗ ಇರತೈತ್ರಿ. ಆದ್ರ ಚಿಗವ್ವನ ಜೋಡಿ ನೀವ ಹೋಗಬಹುದು."

"ಮತ್ತ ಗೆದ್ದಂಗಾತಲ್ಲ!" ಎಂದು ಚಿಗವ್ವ ಜೋರಾಗಿ ಅಂದುಬಿಟ್ಟರು. ಬಾಗಿಲ ಪೇದೆ ತುಟಿಯ ಮೇಲೆ ಬೆರಳಿಟ್ಟ. ಅದು ಅವರಿಗೆ ಕಾಣಲಿಲ್ಲ. ಅತ್ತೆ ಅವರ ಮಂಡಿಯನ್ನು ಮೆಲ್ಲಗೆ ಒತ್ತಿದರು.

ಮತದಾನದ ದಿನ ಅತ್ತೆ ತಮ್ಮ ವೋಟು ಹಾಕಿ, ಗೆಳತಿಯನ್ನು ಕರೆದುಕೊಂಡು ಇನ್ನೊಂದು ಸಾಲಿಗೆ ಹೋದರು. ಮತಗಟ್ಟೆಯ ಅಧಿಕಾರಿ ಮೊದಲು ಆಗದೆಂದು ತಲೆಯಾಡಿಸಿದರು. ನಾನು ಆದೇಶದ ಪ್ರತಿ ಕೊಟ್ಟೆ. ನಿಂತೇ ಪೂರ್ತಿ ಓದಿ, ಗುಟ್ಟು ಕಾಯುವ ಹೇಳಿಕೆಗೆ ಅತ್ತೆಯ ಸಹಿ ಪಡೆದು, "ಹೋಗ್ರಿ ಅಮ್ಮಾ" ಎಂದು ದಾರಿ ಬಿಟ್ಟರು. ರಟ್ಟಿನ ಮರೆಯ ಹಿಂದೆ ಚಿಗವ್ವ ಗೆಳತಿಯ ಕಿವಿಗೆ ಬಾಗಿದ್ದು ಬಾಗಿಲಲ್ಲಿ ನಿಂತ ನನಗೆ ಕಂಡಿತು. ಯಂತ್ರ ಕೂಗಿತು. ಹೊರಬಂದ ಚಿಗವ್ವ ಶಾಯಿ ಹಚ್ಚಿದ ಬೆರಳನ್ನು ಮೂಸಿ ನೋಡಿ ನಕ್ಕರು.

ಎಣಿಕೆಯ ದಿನ ಪಡುವಣ ವಾರ್ಡಿನಲ್ಲಿ ಗೆದ್ದವರ ಮೆರವಣಿಗೆ ಗುಲಾಲು ತೂರುತ್ತ ನಮ್ಮ ಓಣಿಗೇ ಬಂತು. ಚಿಗವ್ವನ ಅಣ್ಣನ ಮಕ್ಕಳು ಮುಂದೆ ಕುಣಿಯುತ್ತಿದ್ದರು. ಅವರು ಯಾರ ಪರ ದುಡಿದಿದ್ದರೋ ಆ ಅಭ್ಯರ್ಥಿಯೇ ಗೆದ್ದಿದ್ದ. ಗೆದ್ದವನ ಹೆಸರು ಕಿವಿಗೆ ಬಿದ್ದಕೂಡಲೇ ಅತ್ತೆ ಕೈಯಲ್ಲಿದ್ದ ಹಿಟ್ಟು ತೊಳೆದುಕೊಂಡು, ಗದ್ದಲದ ನಡುವೆ ದಾರಿ ಮಾಡಿಕೊಂಡು ಓಣಿ ದಾಟಿದರು. ಸ್ವಲ್ಪ ಹೊತ್ತಿಗೆ ನಾನೂ ಚಹಾ ಹಿಡಿದು ಹೋದೆ. ಮನೆಯವರೆಲ್ಲ ಬೀದಿಯಲ್ಲಿದ್ದರು. ಒಳಗೆ ಚಿಗವ್ವ ಸುಮ್ಮನೆ ಕಂಡಿಕೆ ಸುತ್ತುತ್ತಿದ್ದರು, ಅತ್ತೆ ಅವರ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದರು.

ಯಾವ ಗುಂಡಿ ಎಂದು ನಾನು ಕೇಳಲಿಲ್ಲ. ಚಹಾ ಇಟ್ಟು, ಬಾಗಿಲು ಮುಂದೆಳೆದು ಬಂದೆ.