ಹಿಟ್ಟು ದೊಡ್ಡವ್ವನಿಗೆ, ಮೆಣಸಿನಕಾಯಿ ನನಗೆ

ವಿಜಯಪುರದ ಗಾಂಧಿ ಚೌಕದಲ್ಲಿ ಮಿರ್ಚಿ ಭಜಿ ಕರಿಯುವ ವಾಸನೆ ಬಂದರೆ ನನಗೆ ದೊಡ್ಡವ್ವನ ‘ಕರೆಂಟಿ’ನ ದಿನಗಳೇ ನೆನಪಾಗುತ್ತವೆ. ಕ್ಯಾನ್ಸರ್‌ಗೆ ಕೊಡುವ ರೇಡಿಯೇಶನ್‌ಗೆ ನಮ್ಮ ಹೊನವಾಡದಲ್ಲಿ ಅದೇ ಹೆಸರು. ದೊಡ್ಡವ್ವನಿಗೆ ಗರ್ಭಕೋಶದ ಬಾಯಲ್ಲಿ ಗಂಟಾಗಿತ್ತು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕುತ್ತಿದ್ದವಳು ಅವಳೇ. ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದ್ದರಿಂದ ನನ್ನನ್ನೂ ಬಸ್ಸು ಹತ್ತಿಸಿಕೊಂಡು ವಿಜಯಪುರಕ್ಕೆ ಹೋಗುತ್ತಿದ್ದಳು. ತಿಕೋಟಾ ಬರುವಷ್ಟರಲ್ಲಿ ನಾನು ಅವಳ ತೊಡೆಯ ಮೇಲೆ ನಿದ್ದೆ ಹೋಗಿರುತ್ತಿದ್ದೆ.

ಕರೆಂಟು ಮುಗಿದ ಮೇಲೆ ಇಬ್ಬರಿಗೂ ಸೇರಿ ಒಂದೇ ಭಜಿ. ಅವಳು ಖಾರ ತಿನ್ನುವಂತಿರಲಿಲ್ಲ. ಹಿಟ್ಟು ಬಿಡಿಸಿಕೊಂಡು ತಾನು ತಿನ್ನುತ್ತಿದ್ದಳು. ಬೋಳು ಮೆಣಸಿನಕಾಯಿ ನನ್ನ ಪಾಲಿಗೆ. ಕಣ್ಣು ಮೂಗು ಸುರಿಸಿಕೊಂಡು ತಿಂದೆನೇ ಹೊರತು ಒಮ್ಮೆಯೂ ಬೇಡ ಎಂದವಳಲ್ಲ. ಆ ರುಚಿ ಆಮೇಲೆ ಎಲ್ಲೂ ಸಿಕ್ಕಿಲ್ಲ.

ಅವಳು ಗುಣವಾದಳು. ನನ್ನನ್ನು ಓದಿಸಿದಳು, ನಿಡೋಣಿ ಊರಿಗೆ ಮದುವೆ ಮಾಡಿಕೊಟ್ಟಳು, ಬಾಣಂತನವನ್ನೂ ಮಾಡಿದಳು.

ಹೋದ ವರ್ಷ ಅವಳಿಗೆ ಸಂಡಾಸಿನಲ್ಲಿ ರಕ್ತ ಬೀಳತೊಡಗಿತು. ಮೂಲವ್ಯಾಧಿ ಎಂದು ನಾವೇ ತೀರ್ಮಾನಿಸಿ, ಅವಳ ತಾಟಿನಿಂದ ಕೆಂಪು ಚಟ್ನಿ ತೆಗೆದುಬಿಟ್ಟೆವು. ಸಪ್ಪನೆಯ ಬೇಳೆ ಉಣ್ಣುತ್ತ ಮುಖ ಗಂಟು ಹಾಕಿಕೊಂಡು ಕೂರುತ್ತಿದ್ದಳು. ರಕ್ತ ಮಾತ್ರ ನಿಲ್ಲಲಿಲ್ಲ. ಕೊನೆಗೆ ಪರೀಕ್ಷೆ ಮಾಡಿಸಿದಾಗ ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದರು. ಕರುಳಿನ ತುದಿಯಲ್ಲಿ ಕ್ಯಾನ್ಸರ್. ಖಾರಕ್ಕೂ ಇದಕ್ಕೂ ಸಂಬಂಧವಿಲ್ಲ. ಹಿಂದೆ ರೇಡಿಯೇಶನ್ ಬಿದ್ದ ಜಾಗದಲ್ಲೇ ಹುಟ್ಟಿದೆ, ಹೀಗಾಗುವುದು ಬಹಳ ಅಪರೂಪ. ಆಪರೇಶನ್ ಮಾಡಿ, ಮಲ ಹೋಗಲು ಹೊಟ್ಟೆಗೆ ಚೀಲ ಹಾಕಬೇಕು, ಇಲ್ಲದಿದ್ದರೆ ಉಳಿಯುವುದು ಕಷ್ಟ. ಯೋಚಿಸಿ ಹೇಳುತ್ತೇನೆಂದು ಅವಳು ಎದ್ದು ಬಂದಳು.

ಹೊರಗೆ ಬಂದು ನಾನು ಆ ಕರೆಂಟಿಗೆ ಬಾಯಿಗೆ ಬಂದಂತೆ ಬೈದೆ. ಸಿಟ್ಟಿಗಿಂತ ಭಯವೇ ಹೆಚ್ಚಿತ್ತು: ಇವಳು ಆಪರೇಶನ್ ಒಲ್ಲೆ ಎಂದರೆ?

“ಅದಕ್ಕ ಬೈಬ್ಯಾಡವಾ,” ಎಂದಳು. “ಅದ ಇರಲಿಲ್ಲಂದ್ರ ನಿನಗ ತಲಿ ಬಾಚಿ ಹೆಳಲ ಹಾಕಾಕ ಯಾರಿದ್ರು?”

ಗಾಂಧಿ ಚೌಕದಲ್ಲಿ ಆಟೊ ನಿಲ್ಲಿಸಿ ಅವಳೇ ಭಜಿ ತರಿಸಿದಳು. ನಾನು ಹಳೆಯ ರೂಢಿಯಂತೆ ಹಿಟ್ಟು ಬಿಡಿಸಿ ಕೊಟ್ಟೆ. ಅವಳು ಮುಟ್ಟಲಿಲ್ಲ.

“ಖಾರದ್ದೇನ ತಪ್ಪಿಲ್ಲಂತಲ್ಲ. ಹಿಟ್ಟ ನೀ ತಿನ್ನು.”

ಮೆಣಸಿನಕಾಯಿ ನನ್ನ ಕೈಯಿಂದ ಕಿತ್ತುಕೊಂಡು ತಿಂದಳು. ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಮೂಗೊರೆಸಿಕೊಂಡಳು.

“ಡಾಕ್ಟರಗ ಹೇಳು, ಕೊಯ್ಯಲಿ. ನಿನ್ನ ಕುಂಡಿ ನಾ ತೊಳದೀನಿ. ನನ್ನ ಚೀಲಾ ನೀ ತೊಳಿ.”

ಹೂಂ ಎನ್ನುವಂತೆ ತಲೆಯಾಡಿಸಿದೆ. ಬಾಯಿ ತುಂಬ ಹಿಟ್ಟಿತ್ತು.