ಹಗ್ಗದಲ್ಲಿ ತಂಗಿಯ ಜಾಗ

ನಾವಿರುವ ಟೆಕ್ಸಸ್ಸಿನ ಲೂಯಿಸ್‌ವಿಲ್‌ನಲ್ಲಿ ಗುಡ್ಡವಿಲ್ಲ. ಕೆರೆಯ ಏರಿ ಬಿಟ್ಟರೆ ಹತ್ತಲು ಇರುವುದು ಹೆದ್ದಾರಿಯ ಫ್ಲೈಓವರ್ ಒಂದೇ, ಅದನ್ನು ಕಾರಿನಲ್ಲೇ ಹತ್ತಬೇಕು. ಆದ್ದರಿಂದ ಆ ಬೇಸಿಗೆಯಲ್ಲಿ ಭಾನುವಾರ ಬಂತೆಂದರೆ ನನ್ನ ಯಜಮಾನರು ನನ್ನನ್ನು ಲಾಸ್ ಕೊಲಿನಾಸ್‌ನಲ್ಲಿರುವ ತಮ್ಮ ಆಫೀಸಿನ ಪಾರ್ಕಿಂಗ್ ಕಟ್ಟಡಕ್ಕೆ ಕರೆದೊಯ್ಯುತ್ತಿದ್ದರು. ರಜಾದಿನ, ಒಳಗೆ ಒಂದು ಕಾರೂ ಇರುತ್ತಿರಲಿಲ್ಲ. ನಾನು ಮೆಟ್ಟಿಲು ಹತ್ತುವುದು, ಲಿಫ್ಟಿನಲ್ಲಿ ಇಳಿಯುವುದು, ಮತ್ತೆ ಹತ್ತುವುದು. ಅವರು ಕೆಳಗೆ ಕಾರಿನಲ್ಲಿ ಕೂತು ಫೋನಿನಲ್ಲಿ ಪೇಪರ್ ಓದುತ್ತಿದ್ದರು. ಒಮ್ಮೆ ಕಾವಲಿನವನು ಬಂದು, ನಿಮ್ಮ ಹೆಂಡತಿ ಕಾರು ಎಲ್ಲಿಟ್ಟೆ ಅನ್ನೋದನ್ನ ಮರೆತಿದ್ದಾರಾ ಎಂದು ಕೇಳಿದ. ಇಲ್ಲ, ಆಕೆ ಪೆರು ದೇಶಕ್ಕೆ ಹೊರಟಿದ್ದಾಳೆ ಎಂದು ಇವರು ಹೇಳಿದರು. ಅವನು, ಅದಕ್ಕೆ ಏರ್‌ಪೋರ್ಟ್ ಆ ಕಡೆ ಇದೆ ಎಂದು ಕೈ ತೋರಿಸಿದ.

ನಾನು ಹೊರಟಿದ್ದು ತಂಗಿಯ ಸಲುವಾಗಿ. ಅವಳು ಪ್ರಾಣಿಗಳ ಡಾಕ್ಟರು, ಆಸ್ಟಿನ್‌ನಲ್ಲಿದ್ದಳು. ನಾನು ಪಿಯುಸಿ ಮುಗಿಸಿ ಮದುವೆಯಾದವಳು. ಮನೆಯಲ್ಲೇ ಬ್ಲೌಸ್ ಹೊಲಿದುಕೊಂಡು, ಸೀರೆಗೆ ಫಾಲ್ ಹಚ್ಚಿಕೊಂಡು ಇದ್ದೇನೆ. ಅವಳು ವರ್ಷಕ್ಕೊಮ್ಮೆ ಪೆರುವಿನ ದಕ್ಷಿಣಕ್ಕಿರುವ ಒಂದು ಎತ್ತರದ ಜಿಲ್ಲೆಗೆ ಹೋಗುತ್ತಿದ್ದಳು. ಅಲ್ಲಿ ವಿಕುನ್ಯಾ ಎಂಬ ಕಾಡುಪ್ರಾಣಿ ಇದೆ. ಒಂಟೆಯ ಕುಲದ್ದು, ಆದರೆ ಜಿಂಕೆಯಷ್ಟು ಹಗುರ. ಅದರ ಉಣ್ಣೆಯಷ್ಟು ನಯವಾದದ್ದು ಇನ್ನೊಂದಿಲ್ಲವಂತೆ. ಊರಿನವರೆಲ್ಲ ಸೇರಿ ಬಯಲಿನಲ್ಲಿ ಉದ್ದ ಹಗ್ಗ ಹಿಡಿದು ಸಾಲಾಗಿ ನಡೆಯುತ್ತಾರೆ, ಪ್ರಾಣಿಗಳನ್ನು ಸುತ್ತುವರಿದು ಒಂದು ದೊಡ್ಡಿಗೆ ಸೇರಿಸುತ್ತಾರೆ, ಉಣ್ಣೆ ಕತ್ತರಿಸಿ ಮತ್ತೆ ಬಯಲಿಗೇ ಬಿಡುತ್ತಾರೆ. ಕಜ್ಜಿ ಹತ್ತಿದ ಪ್ರಾಣಿಗಳಿಗೆ ಔಷಧ ಹಾಕುವುದು ತಂಗಿಯ ಕೆಲಸ. ಆದರೆ ದೊಡ್ಡಿ ತುಂಬುವವರೆಗೆ ಅವಳೂ ಎಲ್ಲರ ಜೊತೆ ಹಗ್ಗ ಹಿಡಿಯುತ್ತಿದ್ದಳು.

ಇದನ್ನೆಲ್ಲ ಅವಳು ನನಗೆ ವಿವರವಾಗಿ ಹೇಳಿದ್ದು ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ, ಕೊನೆಯ ತಿಂಗಳುಗಳಲ್ಲಿ. ಹೊರಗೆ ಹ್ಯೂಸ್ಟನ್ನಿನ ಸೆಕೆ, ಒಳಗೆ ಏಸಿ, ಎರಡು ಶಾಲು ಹೊದ್ದುಕೊಂಡು ಅವಳು ಮಂಜುಗಡ್ಡೆಯ ಮಾತಾಡುತ್ತಿದ್ದಳು.

"ಅಲ್ಲಿ ಜೋರಾಗಿ ಒದರಬೇಕಾಗ್ತದ ಅಕ್ಕಾ. ಇಲ್ಲಾಂದ್ರ ಅವು ಹಗ್ಗಕ್ಕ ಹೆದರೂದಿಲ್ಲ."

"ನನಗ ಆಗೂದಿಲ್ಲವ್ವಾ."

"ನಿನಗೆಲ್ಲಿ ಆಗ್ತದ. ಬಸ್ ನಿಲ್ಲಸಾಕೂ ನೀ ಕೈ ಅಷ್ಟ ಮಾಡಾಕಿ."

ಅವಳ ಅಂತ್ಯಕ್ರಿಯೆ ಆಸ್ಟಿನ್‌ನಲ್ಲಿ ನಡೆಯಿತು. ಕಾರ್ಪೆಟ್ ಹಾಸಿದ ಹಾಲ್, ಎಲ್ಲರೂ ಮೆಲ್ಲಗೆ ಮಾತಾಡುವ ಜಾಗ. ನಾನು ದನಿ ತೆಗೆದು ಅಳಲಿಲ್ಲ. ಆಮೇಲೆ ಮನೆಗೆ ಬಂದರೂ ದನಿ ಹಾಗೆಯೇ ಉಳಿಯಿತು. ಪಕ್ಕದ ಊರು ಫ್ಲವರ್ ಮೌಂಡ್‌ನಿಂದ ಬ್ಲೌಸ್ ಹೊಲಿಯಲು ಕೊಟ್ಟ ಹುಡುಗಿಯರು ಫೋನಿನಲ್ಲಿ, "ಆಂಟಿ, ಸ್ವಲ್ಪ ಜೋರಾಗಿ ಹೇಳಿ, ಕೇಳಿಸ್ತಿಲ್ಲ" ಅನ್ನುತ್ತಿದ್ದರು. ನಾನು ಮೆಸೇಜ್ ಹಾಕುತ್ತಿದ್ದೆ.

ತಂಗಿಯ ಮಗಳೂ ಪ್ರಾಣಿವೈದ್ಯ ಓದುತ್ತಿದ್ದಾಳೆ. ಸ್ಪ್ಯಾನಿಷ್ ಚೆನ್ನಾಗಿ ಬರುತ್ತದೆ. ಆ ಊರಿನ ಮುಖ್ಯಸ್ಥರಿಗೆ ಅವಳು ಸುದ್ದಿ ಮುಟ್ಟಿಸಿದಾಗ ಅವರು, ಈ ಸಲ ಹಗ್ಗದಲ್ಲಿ ಡಾಕ್ಟರ ಜಾಗಕ್ಕೆ ಯಾರು ಬರುತ್ತೀರಿ ಎಂದು ಕೇಳಿದರಂತೆ. ಅಲ್ಲಿ ಮನೆಗೊಬ್ಬರು ಹಗ್ಗಕ್ಕೆ ಬರಬೇಕು. ಎಷ್ಟೋ ವರ್ಷದಿಂದ ನನ್ನ ತಂಗಿಯನ್ನೂ ಅವರು ಒಂದು ಮನೆ ಎಂದೇ ಹಿಡಿದಿದ್ದರು. ಯಾರೂ ಬರದಿದ್ದರೆ ಆ ಜಾಗ ತೆಗೆದು ಸಾಲನ್ನು ಹತ್ತಿರ ಮಾಡಿಕೊಳ್ಳುತ್ತೇವೆ, ಅದರಲ್ಲೇನೂ ಬೇಸರವಿಲ್ಲ ಎಂದರು. ಮಗಳು ದೊಡ್ಡಿಯ ಹತ್ತಿರ ಡಾಕ್ಟರುಗಳ ಜೊತೆ ಇರಬೇಕಾಗಿತ್ತು. ಉಳಿದವಳು ನಾನು. ಆ ಜಾಗವನ್ನು ಯಾರೂ ತೆಗೆಯುವುದು ನನಗೆ ಬೇಡವಾಗಿತ್ತು. ಅಷ್ಟೇ ಕಾರಣ.

ನಾನು, ತಂಗಿಯ ಮಗಳು ಇಬ್ಬರೂ ಹ್ಯೂಸ್ಟನ್ನಿನಿಂದ ವಿಮಾನ ಹತ್ತಿದೆವು. ಕೆಳಗಿನ ಪಟ್ಟಣದಲ್ಲಿ ಕೆಲವು ದಿನ ಉಳಿದು, ಗಾಳಿಗೆ ಒಗ್ಗಿಕೊಂಡು, ಆಮೇಲೆ ಜೀಪಿನಲ್ಲಿ ಮೇಲೆ ಹೋದೆವು. ಜಿಲ್ಲೆ ಎಂದರೆ ನಾನು ನಮ್ಮ ಧಾರವಾಡದಂಥದ್ದು ಅಂದುಕೊಂಡಿದ್ದೆ. ಅಲ್ಲಿ ನೆಲ ತಾಲೂಕಿನಷ್ಟು, ಜನ ನಮ್ಮ ಒಂದು ಓಣಿಯಷ್ಟು. ನಾಲ್ಕು ಸಾವಿರ ಮೀಟರಿಗೂ ಮೇಲಿನ ಬಯಲು. ಮರ ಎಂಬುದಿಲ್ಲ. ಒರಟು ಹಳದಿ ಹುಲ್ಲು, ಅದರಾಚೆ ಹಿಮದ ತಲೆಯ ಜ್ವಾಲಾಮುಖಿಗಳು. ಕಲ್ಲುಗಳ ಮೇಲೆ ಹಸಿರು ಕಂಬಳಿ ಮುದ್ದೆ ಮಾಡಿ ಇಟ್ಟ ಹಾಗೆ ಒಂದು ಗಿಡ ಬೆಳೆದಿರುತ್ತದೆ. ಮೆತ್ತಗಿರಬಹುದೆಂದು ಕೈಯಿಟ್ಟರೆ ಕಲ್ಲಿಗಿಂತ ಗಟ್ಟಿ. ಬಂಡೆಗಳ ಸಂದಿಯಲ್ಲಿ ವಿಸ್ಕಾಚಾ ಎಂಬ ಪ್ರಾಣಿ ಬಿಸಿಲು ಕಾಯಿಸುತ್ತ ಕೂತಿರುತ್ತದೆ. ಮೊಲದ ಮೈ, ಅಳಿಲಿನ ಬಾಲ, ಊಟ ಮಾಡಿ ಕುರ್ಚಿಯಲ್ಲಿ ತೂಕಡಿಸುವ ನಮ್ಮ ಯಜಮಾನರ ಮುಖ. ಫೋಟೋ ತೆಗೆದು ಅವರಿಗೇ ಕಳಿಸಿದೆ. 

ಉಪ್ಪುನೀರಿನ ಕೆರೆಯಲ್ಲಿ ಫ್ಲೆಮಿಂಗೋಗಳಿದ್ದವು. ಬೆಳಗಿನ ಹೊತ್ತು ಅಂಚಿನ ನೀರು ಹೆಪ್ಪುಗಟ್ಟಿರುತ್ತದೆ; ಬಿಸಿಲೇರಿ ಅದು ಕರಗುವವರೆಗೆ ಅವು ಒಂಟಿಕಾಲಿನಲ್ಲಿ ಅಲ್ಲಾಡದೆ ನಿಂತಿರುತ್ತವೆ. ಮೊದಲ ದಿನ ನನಗೂ ಹಾಗೆಯೇ ಆಯಿತು. ಜೀಪಿನಿಂದ ಇಳಿದು ನಾಲ್ಕು ಹೆಜ್ಜೆ ಹಾಕಿ ನಿಂತುಬಿಟ್ಟೆ. ಎದೆ ಕಮ್ಮಾರನ ತಿದಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಪಾರ್ಕಿಂಗ್ ಕಟ್ಟಡದ ಮೆಟ್ಟಿಲು ಇದರ ಮುಂದೆ ಏನೂ ಅಲ್ಲ ಎಂದು ಗೊತ್ತಾಯಿತು.

"ದೊಡ್ಡಮ್ಮ, ಆರ್ ಯು ಓಕೆ? ನೀವು ಜೀಪಲ್ಲೇ ಕೂತು ನೋಡಿ. ನೋಬಡಿ ವಿಲ್ ಮೈಂಡ್," ಎಂದಳು ಮಗಳು.

"ಜೀಪಿನ್ಯಾಗ ಕೂತು ಹಗ್ಗ ಹಿಡಿಯಾಕ ಬರ್ತದೇನು?"

"ಹಾಗಲ್ಲ..."

"ಮತ್ತ ಸುಮ್ನಿರು."

ನಾವು ಉಳಿದದ್ದು ಒಬ್ಬ ಅಜ್ಜಿಯ ಮನೆಯಲ್ಲಿ. ಹಗ್ಗದಲ್ಲಿ ತಂಗಿಯ ಬಲಕ್ಕೆ ಯಾವಾಗಲೂ ನಿಲ್ಲುತ್ತಿದ್ದವಳು ಅವಳೇ. ಕಪ್ಪು ಟೊಪ್ಪಿಗೆ, ಎರಡು ಜಡೆ, ಒಂದರ ಮೇಲೊಂದು ತೊಟ್ಟ ಲಂಗಗಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಏನೋ ಹೇಳಿದಳು. ಮಗಳು ನಗುತ್ತ ಕನ್ನಡಕ್ಕೆ ಹೇಳಿದಳು: "ಡಾಕ್ಟರ್ ಸಣ್ಣಗಿದ್ದಳು, ಅಕ್ಕ ಅಗಲ ಇದ್ದಾಳೆ, ಒಳ್ಳೇದು, ಸಂದು ಉಳಿಯೋದಿಲ್ಲ ಅಂತಾರೆ."

ಹಗ್ಗ ಹಿಡಿಯುವ ದಿನ ಶ್ರಾವಣ ಸೋಮವಾರ ಬಿತ್ತು. ನಾನು ಹುಡುಗಿಯಾಗಿದ್ದಾಗಿನಿಂದ ಆ ವಾರಗಳ ಉಪವಾಸ ಬಿಟ್ಟವಳಲ್ಲ. ಬೆಳಿಗ್ಗೆ ಅಜ್ಜಿ ಒಲೆಯ ಮುಂದೆ ಕೂರಿಸಿ ತಟ್ಟೆ ಇಟ್ಟಾಗ ನಾನು ಕೈ ಮುಗಿದೆ. ಇವತ್ತು ದೇವರ ವಾರ, ಊಟ ಮಾಡುವುದಿಲ್ಲ ಎಂದು ಮಗಳ ಬಾಯಿಂದ ಹೇಳಿಸಿದೆ. ಅಜ್ಜಿ ಸೌಟು ಹಿಡಿದುಕೊಂಡೇ ತಿರುಗಿದಳು. ಖಾಲಿ ಹೊಟ್ಟೆಯವಳು ನನ್ನ ಪಕ್ಕ ಬೇಡ, ಅರ್ಧ ದಾರಿಗೆ ಬಿದ್ದರೆ ಹೊರುವವರು ಯಾರು ಎಂದು ಕೇಳಿದಳು.

"ಏನೂ ತಿನ್ನಲ್ವಾ ಅಂತ ಕೇಳ್ತಿದಾರೆ, ದೊಡ್ಡಮ್ಮ. ಏನೂ ಅಂದ್ರೆ ಏನೂ?"

"ಬಟಾಟಿ ನಡೀತದ. ಹಾಲು ನಡೀತದ."

ಮಗಳು ಅದನ್ನು ಹೇಳಿದ್ದೇ ತಡ, ಒಲೆಯ ಸುತ್ತ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿ ಬೆಳೆಯುವುದೇ ಆಲೂಗಡ್ಡೆ. ರಾತ್ರಿಯ ಹಿಮದಲ್ಲಿ ಅದನ್ನು ನೆಲದ ಮೇಲೆ ಹರಡಿ, ಹಗಲು ಕಾಲಲ್ಲಿ ತುಳಿದು ನೀರು ತೆಗೆದು, ಒಣಗಿಸಿ ವರ್ಷವೆಲ್ಲ ಇಟ್ಟುಕೊಳ್ಳುತ್ತಾರೆ. ಅಜ್ಜಿ ಕಣ್ಣೊರೆಸಿಕೊಂಡು ಹೇಳಿದಳು, ಹಾಗಾದರೆ ನಾವು ಹುಟ್ಟಿದಾಗಿನಿಂದ ಉಪವಾಸವೇ ಮಾಡುತ್ತಿದ್ದೇವೆ, ನಿಮ್ಮ ದೇವರಿಗೆ ಇದನ್ನು ತಿಳಿಸು ಎಂದು. ನೇರಳೆ, ಹಳದಿ, ಕಪ್ಪು ಬಣ್ಣದ ಬೇಯಿಸಿದ ಗಡ್ಡೆಗಳನ್ನು ತಟ್ಟೆಯ ತುಂಬ ಸುರಿದಳು. ಇಷ್ಟು ತಿಂದ ಉಪವಾಸವನ್ನು ನಾನು ಹಿಂದೆಂದೂ ಮಾಡಿರಲಿಲ್ಲ.

ಬಯಲಿನಲ್ಲಿ ಊರೇ ನೆರೆದಿತ್ತು. ಶಾಲೆಯ ಮಕ್ಕಳು, ಮೇಷ್ಟ್ರು, ಆಸ್ಪತ್ರೆಯ ನರ್ಸು, ಕೂಸನ್ನು ಬೆನ್ನಿಗೆ ಕಟ್ಟಿಕೊಂಡ ತಾಯಂದಿರು. ಮುಖ್ಯಸ್ಥರು ಮೊದಲು ನೆಲಕ್ಕೆ ಸ್ವಲ್ಪ ಮದ್ಯ ಸುರಿದು, ಕೋಕಾ ಗಿಡದ ಎಲೆ ಇಟ್ಟು ನಮಸ್ಕಾರ ಮಾಡಿದರು. ಆಮೇಲೆ ಹಗ್ಗ ಬಿಚ್ಚಿದರು. ಅದಕ್ಕೆ ಮೊಳಕ್ಕೊಂದರಂತೆ ಬಣ್ಣದ ಬಟ್ಟೆಯ ಚೂರು ಕಟ್ಟಿತ್ತು. ಹಗ್ಗ ಎತ್ತರಕ್ಕಿರಬೇಕು, ಜಗ್ಗಬಾರದು, ಬಟ್ಟೆಗಳು ಅಲ್ಲಾಡುತ್ತಿರಬೇಕು. ಎಲ್ಲಿ ಸಾಲು ಸದ್ದಿಲ್ಲದೆ ಮಂಕಾಗುತ್ತದೋ ಅಲ್ಲೇ ಪ್ರಾಣಿಗಳು ನುಗ್ಗುತ್ತವೆ. ಒಂದು ನುಗ್ಗಿದರೆ ಎಲ್ಲವೂ ಅದರ ಹಿಂದೆ. ಆಮೇಲೆ ಆ ವರ್ಷದ ಕೆಲಸ ಅಲ್ಲಿಗೆ ಮುಗಿದಂತೆ. ದೊಡ್ಡಿಯ ಕಡೆ ಹೋಗುವ ಮೊದಲು ಮಗಳು ಇದನ್ನೆಲ್ಲ ನನಗೆ ಕನ್ನಡದಲ್ಲಿ ತಿಳಿಸಿದಳು. ಇದನ್ನು ಹೇಳುವಾಗ ಮುಖ್ಯಸ್ಥರು ಯಾರನ್ನೂ ನೋಡಲಿಲ್ಲ. ಆದರೆ ನನಗೇ ಹೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು.

ನನ್ನ ಬಲಕ್ಕೆ ಅಜ್ಜಿ, ಎಡಕ್ಕೆ ನರ್ಸು. ನಡೆಯತೊಡಗಿದೆವು. ದೂರದಲ್ಲಿ ವಿಕುನ್ಯಾಗಳು ಕಂಡವು. ದಾಲ್ಚಿನ್ನಿಯ ಬಣ್ಣ, ಬಿಳಿ ಎದೆ, ಉದ್ದ ಕತ್ತು. ತಲೆಯೆತ್ತಿ ನಮ್ಮನ್ನು ನೋಡಿ ಗುಂಪುಗುಂಪಾಗಿ ಸರಿಯುತ್ತಿದ್ದವು. ಓಡುವಾಗ ಅವುಗಳ ಕಾಲು ನೆಲಕ್ಕೆ ತಾಗುತ್ತದೋ ಇಲ್ಲವೋ ಎನ್ನಿಸುತ್ತದೆ. ಸಾಲಿನವರೆಲ್ಲ ಸಿಳ್ಳೆ ಹಾಕುತ್ತ, ಕೂಗುತ್ತ ನಡೆದರು. ನಾನು ಬಾಯಿ ತೆರೆದೆ, ಏನೂ ಬರಲಿಲ್ಲ. ಉಸಿರಿಗೇ ಸಾಲದ ಬಾಯಿ, ಕೂಗಿಗೆ ಎಲ್ಲಿಂದ ತರುವುದು. ಹಗ್ಗವನ್ನು ಮಾತ್ರ ಬಿಡಲಿಲ್ಲ. ಹುಲ್ಲಿನ ಬುಡಗಳಿಗೆ ಎಡವಿದೆ, ಎದ್ದೆ, ನಡೆದೆ.

ದೊಡ್ಡಿಯ ಬಾಯಿ ಕಾಣುವಷ್ಟು ಹತ್ತಿರ ಬಂದಾಗ ದೊಡ್ಡದೊಂದು ಗಂಡು ಗಕ್ಕನೆ ನಿಂತಿತು. ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿತು. ಆಮೇಲೆ ನೇರ ನನ್ನ ಕಡೆ ತಿರುಗಿತು. ಅಷ್ಟು ಜನರಲ್ಲಿ ಸದ್ದಿಲ್ಲದವಳು ನಾನೊಬ್ಬಳೇ ಎಂಬುದು ಅದಕ್ಕೆ ತಿಳಿದುಹೋಗಿತ್ತು. ಅದರ ಹಿಂದೆ ಇಡೀ ಗುಂಪು ತಿರುಗಿತು.

ನನ್ನ ಕೈಯಲ್ಲಿ ಹಗ್ಗ ಜಗ್ಗುತ್ತಿತ್ತು. ಅಜ್ಜಿ ನನ್ನ ಕಡೆ ನೋಡಲಿಲ್ಲ. ಟೊಪ್ಪಿಗೆ ಕೈಯಲ್ಲಿ ಹಿಡಿದು ಬೀಸುತ್ತ, ಎದೆ ಸೆಟೆಸಿ ಕೂಗಿದಳು:

"ಹಿಂದಕ್ಕ. ಹಿಂದಕ್ಕ."

ನನಗೆ ತಲೆ ಸುತ್ತುತ್ತಿದೆ ಅಂದುಕೊಂಡೆ. ಅಷ್ಟರಲ್ಲಿ ಎಡಗಡೆಯ ನರ್ಸು ಅದನ್ನೇ ಕೂಗಿದಳು. ಆಚೆಯ ಮೇಷ್ಟ್ರು ಕೂಗಿದರು. ಶಾಲೆಯ ಮಕ್ಕಳು ಪಾಠ ಒಪ್ಪಿಸುವ ಹಾಗೆ ಒಂದೇ ದನಿಯಲ್ಲಿ, "ಹಿಂದಕ್ಕ, ಹಿಂದಕ್ಕ" ಎಂದರು. ಕನ್ನಡದ ಒಂದಕ್ಷರ ಕಾಣದ ಆ ಬಯಲಿನಲ್ಲಿ, ಸಾಲಿನ ಉದ್ದಕ್ಕೂ ನಮ್ಮ ಹುಬ್ಬಳ್ಳಿಯ ಮಾತು ಓಡಿತು. ಓಣಿಯ ಎಮ್ಮೆಗಳು ಮನೆಯ ಕಟ್ಟೆ ಹತ್ತಿದಾಗ ನಾವಿಬ್ಬರೂ ಕೋಲು ಹಿಡಿದು ಹೇಳುತ್ತಿದ್ದ ಮಾತು. ಅವಳು ಅದನ್ನು ಇಲ್ಲಿ ಕೂಗಿ, ಕೂಗಿ, ಇವರ ಬಾಯಲ್ಲಿ ಬಿಟ್ಟುಹೋಗಿದ್ದಳು.

ಆಗ ನನ್ನ ದನಿ ಬಂತು. ಎಲ್ಲಿತ್ತೋ ಗೊತ್ತಿಲ್ಲ.

"ಎಲ್ಲಿ ಹೊಂಟೀಯೋ ಹುಚ್ಚಪ್ಪಾ? ನಿನಗ ದಾರಿ ಇಲ್ಲಿಲ್ಲ. ತಿರುಗು, ಹಿಂದಕ್ಕ ತಿರುಗು. ಹಿಂದಕ್ಕ."

ಗಂಡು ವಿಕುನ್ಯಾ ನನ್ನಿಂದ ಎರಡು ಮಾರು ದೂರದಲ್ಲಿ ನಿಂತಿತು. ಅದರ ಕಣ್ಣಿನ ರೆಪ್ಪೆ ಕಾಣಿಸುತ್ತಿತ್ತು. ನಾನು ಹಗ್ಗವನ್ನು ತಲೆಯ ಮೇಲೆ ಎತ್ತಿ ಕುಣಿಸಿದೆ, ಬೈದೆ, ನಮ್ಮಪ್ಪ ಕೇಳಿದ್ದರೆ ಒಳಗೆ ಎಳೆದುಕೊಂಡು ಹೋಗುವಂಥ ಮಾತುಗಳನ್ನೂ ಆಡಿದೆ. ಅದು ಕಿವಿ ಹಿಂದಕ್ಕೆ ಮಾಡಿ, ಒಂದು ಚಿಮ್ಮು ಚಿಮ್ಮಿ ತಿರುಗಿತು. ಗುಂಪೂ ತಿರುಗಿತು. ದೊಡ್ಡಿಯ ಬಾಯಿಯೊಳಗೆ ಕಂದುಬಣ್ಣದ ನೀರು ಹರಿದ ಹಾಗೆ ಹರಿದು ಹೋದವು. ಯಾರೋ ಬಾಗಿಲು ಎಳೆದರು.

ಸಾಲು ಮುರಿದಿರಲಿಲ್ಲ.

ಅಜ್ಜಿ ಬಂದು ನನ್ನ ಬೆರಳುಗಳನ್ನು ಹಗ್ಗದಿಂದ ಒಂದೊಂದಾಗಿ ಬಿಡಿಸಿದಳು. ನಾನು ಅಳುತ್ತಿದ್ದೆ, ದನಿ ತೆಗೆದೇ ಅಳುತ್ತಿದ್ದೆ, ಜೊತೆಗೆ ನಗುತ್ತಲೂ ಇದ್ದೆ. ಮಗಳು ದೊಡ್ಡಿಯ ಕಡೆಯಿಂದ ಓಡಿ ಬಂದಳು.

"ದೊಡ್ಡಮ್ಮ, ಅಲ್ಲಿವರೆಗೂ ಕೇಳಿಸ್ತು. ಐ ಥಾಟ್ ಇಟ್ ವಾಸ್ ಅಮ್ಮ."

ಅಜ್ಜಿ ಅವಳನ್ನು ತಡೆದು ಏನೋ ಕೇಳಿದಳು. ಹಿಂದಕ್ಕ ಎಂಬ ಆ ಮಾತಿನ ಅರ್ಥವೇನೆಂದು ಡಾಕ್ಟರನ್ನು ಕೇಳಬೇಕೆಂದು ಪ್ರತಿ ವರ್ಷ ಅಂದುಕೊಳ್ಳುತ್ತಿದ್ದಳಂತೆ. ನಿಮ್ಮ ದೇವರ ಮಂತ್ರವಿರಬೇಕು, ಅದಕ್ಕೇ ಕೆಲಸ ಮಾಡುತ್ತದೆ ಎಂದು ಊರವರು ನಂಬಿದ್ದರಂತೆ. ಮಗಳು ಅರ್ಥ ಹೇಳಿದಳು. ಅಜ್ಜಿ "ಇಷ್ಟೇನಾ?" ಎಂಬಂತೆ ನನ್ನನ್ನು ನೋಡಿದಳು. "ಇಷ್ಟ," ಎಂದೆ.

ಮಧ್ಯಾಹ್ನವೆಲ್ಲ ಕತ್ತರಿಸುವ ಕೆಲಸ ನಡೆಯಿತು. ಪ್ರಾಣಿಯ ಕಣ್ಣಿಗೆ ಬಟ್ಟೆಯ ಕುಲಾವಿ ಹಾಕಿ ಮಲಗಿಸುತ್ತಾರೆ. ನನಗೊಂದರ ತಲೆ ಹಿಡಿದುಕೊಳ್ಳಲು ಕೊಟ್ಟರು. ಅಂಗೈಯಡಿ ಅದರ ಕತ್ತಿನ ನಾಡಿ ನನ್ನದರಷ್ಟೇ ಜೋರಾಗಿ ಓಡುತ್ತಿತ್ತು. ಮಗಳು ಅದರ ತೊಡೆಯಲ್ಲಿ ಕಜ್ಜಿ ಹುಡುಕಿ, ಇಲ್ಲವೆಂದು ತಲೆಯಾಡಿಸಿ, ಮುಂದಿನದಕ್ಕೆ ಹೋದಳು. ಅವಳಮ್ಮನದೇ ನಡಿಗೆ.

ಬಿಸಿಲು ಇಳಿಯುವ ಮೊದಲು ಎಲ್ಲವನ್ನೂ ಬಿಟ್ಟುಬಿಡಬೇಕು, ರಾತ್ರಿಯ ಚಳಿಗೆ ಅವು ತಮ್ಮ ಜಾಗ ಸೇರಬೇಕು. ಬಾಗಿಲು ತೆಗೆದರು. ಪ್ರಾಣಿಗಳು ಹೊಸ್ತಿಲಲ್ಲಿ ಗುಂಪಾಗಿ ನಿಂತುಬಿಟ್ಟವು, ಹೊರಗೆ ಯಾರೋ ಕಾದಿದ್ದಾರೆ ಎಂಬಂತೆ. ಮಕ್ಕಳು ಅಭ್ಯಾಸದಿಂದ, "ಹಿಂದಕ್ಕ" ಎಂದು ಕೂಗಿದರು. ಅವು ಇನ್ನಷ್ಟು ಒಳಗೆ ಸರಿದವು. ಅರ್ಥ ಗೊತ್ತಾಗಿದ್ದ ಅಜ್ಜಿ ಮಕ್ಕಳನ್ನು ಗದರಿ, ನನ್ನ ಕಡೆ ತಿರುಗಿ ಗಲ್ಲ ಎತ್ತಿದಳು. ಈಗ ಏನನ್ನಬೇಕು ಹೇಳು ಎಂದು.

ನಾನು ಬೇಲಿಯ ಹತ್ತಿರ ಹೋಗಿ, ಇರುವ ಉಸಿರನ್ನೆಲ್ಲ ಕೂಡಿಸಿ ಕೂಗಿದೆ.

"ಮುಂದಕ್ಕ."

ಮಕ್ಕಳು ಒಮ್ಮೆ ತಪ್ಪಾಗಿ, ಆಮೇಲೆ ಸರಿಯಾಗಿ ಹೇಳಿದರು. ಅಜ್ಜಿ ಹೇಳಿದಳು. ಮುಖ್ಯಸ್ಥರು ಟೊಪ್ಪಿಗೆ ತೆಗೆದು ಹೇಳಿದರು. ನನ್ನ ಕಡೆ ನುಗ್ಗಿ ಬಂದಿದ್ದ ಆ ದೊಡ್ಡ ಗಂಡೇ ಮೊದಲು ಹೊರಗೆ ಕಾಲಿಟ್ಟಿತು. ಆಮೇಲೆ ಎಲ್ಲವೂ, ಕತ್ತರಿಸಿದ ಹಗುರ ಮೈಯಲ್ಲಿ, ಧೂಳೆಬ್ಬಿಸಿಕೊಂಡು, ಹಿಮದ ಬೆಟ್ಟದ ಕಡೆ ಓಡಿದವು. ಅವು ಕಾಣದಾಗುವವರೆಗೂ ನಾವು ಕೂಗುತ್ತಲೇ ಇದ್ದೆವು.